ಷರಾ ಬರೆಯುವ ಜಾಗ

ಬಲಗಡೆಯ ದೊಡ್ಡ ಗಾಲಿಗೆ ಸುಣ್ಣದ ಗೆರೆ ಎಳೆದೆ.
ಆ ಗೆರೆ ಹತ್ತು ಸಲ ನೆಲ ಮುಟ್ಟುವ ತನಕ
ಪಕ್ಕದಲ್ಲೇ ನಡೆಯಬೇಕು, ಎಣಿಸಬೇಕು,
ಹತ್ತು ಅಂದಲ್ಲಿ ಗೂಟ ಹೊಡೆಯಬೇಕು.
ಹಿಂದೆ ಏನೂ ಹೂಡದೆ ಹೋದಾಗ ನಲವತ್ತೊಂದು ಮೀಟರ್.
ಪಲ್ಟಿ ನೇಗಿಲು ಇಳಿಸಿದಾಗ ಮೂವತ್ತೈದು.
“ಉಳದ ಆರು ಎಲ್ಲಿ ಹೋದ್ವು?” ಕೇಳಿದಳು ಹೊಲದೊಡತಿ ನಿಂಬೆವ್ವ.
ಜಾರಿದವು ಅಂದೆ. ಗಾಲಿ ತಿರುಗುತ್ತದೆ, ಗಾಡಿ ಸಾಗುವುದಿಲ್ಲ.
“ಥೇಟ್ ನಮ್ಮ ಅಳಿಯ,” ಅಂದು ಎಲಿ ಉಗುಳಿದಳು.

ಅಸುಂಡಿಯ ಎರಿಹೊಲ. ಯುಗಾದಿಗೆ ಮುಂಚೆ ಒಂದು ಅಡ್ಡಮಳೆಯಾಗಿ
ನೆಲ ಮುಷ್ಟಿಗೆ ಸಿಕ್ಕುವಷ್ಟು ಮೆತ್ತಗಾಗಿತ್ತು.
ನಾಲ್ಕು ತಾಕು, ನಾಲ್ಕು ಯಂತ್ರ, ಒಂದೇ ಟ್ರ್ಯಾಕ್ಟರ್,
ಒಬ್ಬನೇ ದಾವಲಸಾಬ. ಸೀಟು ಹರಿದು ಸ್ಪಂಜು ಹೊರಗೆ,
ಅದರ ಮೇಲೆ ಹೆಂಡತಿಯ ಹಳೆ ಸೀರೆಯ ಮಡಿಕೆ.
ನನ್ನ ಕೈಲಿ ಸ್ಕೇಲು, ಟೇಪು, ಸ್ಟಾಪ್‌ವಾಚು,
ಹಸಿ ಮಣ್ಣಿಗೆ ನಂಬರ್ ಬರೆದ ಹದಿನೆಂಟು ಡಬ್ಬಿ.
ದಿನಗೂಲಿ ಸಹಾಯಕಿ; ಹಾಳೆಯ ಕೆಳಗಿನ ಸಹಿ ನನ್ನದಲ್ಲ.

ಟ್ಯಾಂಕು ಕಂಠಮಟ ತುಂಬಿಸಿ, ತಾಕು ಉತ್ತು,
ಸಮ ನೆಲಕ್ಕೆ ತಂದು ಮತ್ತೆ ಕಂಠಮಟ ತುಂಬಿಸಿದರೆ
ಎಷ್ಟು ಕುಡಿಯಿತೆಂದು ಅಳತೆಯ ಜಾರು ಹೇಳುತ್ತದೆ.
ಪಲ್ಟಿ ಕುಡಿದದ್ದು ನಾಲ್ಕು ಲೀಟರು ಚಿಲ್ಲರೆ, ಅರ್ಧ ಎಕರೆಗೆ.
ಹೋದದ್ದು ಒಂಬತ್ತು ಇಂಚು ಆಳ.
ಅದು ಎಬ್ಬಿಸಿದ ಹೆಂಟೆಗಳ ಮೇಲೆ ನಡೆಯಲಾರದೆ
ನಾನು ಎರಡು ಸಲ ಮುಗ್ಗರಿಸಿದೆ.
ಕಲ್ಟಿವೇಟರ್ ಕಡಿಮೆ ಕುಡಿಯಿತು; ಗೀಚಿತು, ಅಷ್ಟೆ.
ದಾವಲಸಾಬನ ಲೆಕ್ಕ ಬೇರೆ:
“ಪಲ್ಟಿ ಹೊಡದ್ರ ಸೊಂಟಕ್ಕ ಗೊತ್ತಾಗತೈತಿ,
ರೋಟಾವೇಟರ್ ಹೊಡದ್ರ ಕಿವಿಗೆ.”
ಡಿಸ್ಕು?
“ಅದು ಇದ್ದಂಗೂ, ಇಲ್ಲದಂಗೂ.”

ಮೂರನೆಯ ತಾಕಿಗೆ ರೋಟಾವೇಟರ್.
ಅದು ಟ್ರ್ಯಾಕ್ಟರನ್ನೇ ಹಿಂದಿನಿಂದ ದೂಡಿತು:
ಹತ್ತು ಸುತ್ತಿಗೆ ನಲವತ್ತೆರಡು. ಜಾರಿಕೆ ಸೊನ್ನೆಗಿಂತ ಕೆಳಗೆ!
ಒಂದೇ ಸಲಕ್ಕೆ ಹೊಲ ಸಾಣಿಗಿ ಹಿಡಿದ ಹಿಟ್ಟು.
ನನ್ನ ಜರಡಿಗಳಲ್ಲಿ ನಿಲ್ಲುವಂಥದ್ದು ಏನೂ ಉಳಿಯಲಿಲ್ಲ.
ಸಾಹೇಬರು ಬೂಟುಗಾಲಲ್ಲೇ ಅದರ ಮೇಲೆ ನಿಂತು
ಫೋಟೋ ತೆಗೆಸಿಕೊಂಡರು.
ಮೊದಲ ಸ್ಥಾನ, ಅಲ್ಲೇ, ಪೆನ್ಸಿಲಿನಲ್ಲಿ.

ನಿಂಬೆವ್ವ ಕೂತು, ಹಿಟ್ಟಿನೊಳಗೆ ಬೆರಳಾಡಿಸಿ
ಬೆಳ್ಳನೆಯ ಒಂದು ತುಂಡು ಹೆಕ್ಕಿದಳು. ಕರಕಿಯ ಬೇರು,
ಕಿರುಬೆರಳುದ್ದ, ಎರಡು ಗಿಣ್ಣು.
“ಇಂಥಾವು ಎಷ್ಟು ಮಾಡೀರಿ? ಎಣಿಸೀಯೇನು?”
ಅದಕ್ಕೆ ಕಾಲಂ ಇಲ್ಲವ್ವ ಅಂದೆ.
“ಗಿಣ್ಣಿಗೊಂದು ಜೀವ ಐತಿ ಇದಕ್ಕ,” ಅಂದವಳು
ತುಂಡನ್ನು ನನ್ನ ಹಾಳೆಯ ಕೊನೆಯ ಮನೆಯ ಮೇಲಿಟ್ಟಳು.
ಷರಾ ಅಂತ ಬರೆದಿತ್ತು ಅಲ್ಲಿ. ಯಾರೂ ಏನೂ ಬರೆಯದ ಜಾಗ.
ಗಾಳಿ ಬಂತು, ಹಾರಿಹೋಯಿತು.

ಅಶ್ವಿನಿ ಮಳೆ ಎರಡು ದಿನ ಬಿತ್ತು.
ಮರೆತ ಗೂಟ, ಹಗ್ಗ ತರಲು ನನ್ನನ್ನು ಕಳಿಸಿದರು;
ವರದಿ ಅಷ್ಟೊತ್ತಿಗೆ ಧಾರವಾಡ ಮುಟ್ಟಿತ್ತು.
ಪಲ್ಟಿಯ ತಾಕಿನಲ್ಲಿ ಹೆಂಟೆಗಳು ನೀರು ಕುಡಿದು ತಾವೇ ಬಿರಿದಿದ್ದವು,
ಮೇಲೆ ಒಣಗಿದ ಕರಕಿ, ಹರಿದ ಹುರಿಯಂತೆ.
ಮೂರನೆಯ ತಾಕು ಹಸಿರು.
ನಾನು ಕಟ್ಟಿದ ಹಗ್ಗದ ಗುಂಟ, ಮೂಲೆಗೆ ಮೂಲೆ ಸರಿಯಾಗಿ,
ಅಳತೆ ತಪ್ಪದ ಹಸಿರು.
ಒಂದನ್ನು ಹಿಡಿದೆಳೆದೆ. ಟಕ್ಕೆಂದು ಮೇಲಿನದಷ್ಟೇ ಬಂತು.

ನಿಂಬೆವ್ವ ಬೈಯಲಿಲ್ಲ. ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದಳು:
ಎಂಟು ಆಳು, ಮೂರು ದಿನ, ಗುದ್ದಲಿ ತಂದವರಿಗೆ ಐವತ್ತು ಜಾಸ್ತಿ.
ಡೀಸೆಲಿನ ಅಂಕಿಗೆ ಅದನ್ನು ಕೂಡಿಸಿ ನೋಡಿದೆ, ಮನಸ್ಸಿನಲ್ಲೇ,
ಎರಡು ಸಲ.
ಗೂಟ ಕೀಳಲು ಬಾಗಿದೆ.
“ಹಗ್ಗ ಇರಲಿ ಬಿಡು ತಂಗಿ,” ಅಂದಳು,
“ನಾಳಿ ಕಡಿಯಾಕ ಬರೋರಿಗೆ
ಎಲ್ಲಿಂದ ಎಲ್ಲಿತನಕ ಅಂತ ಗೊತ್ತಾಗಬೇಕಲ್ಲ.”